ಹಿಂಪುಟದ ಎಡ ಅಂಚು

ನಮ್ಮ ಬೀದಿಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ಎಲ್ಲರ ಬಾಯಲ್ಲೂ ಅವರು ನೇರಪ್ಪ. ಬಾಗಿಲ ಹೊರಗೆ ಯಾರದಾದರೂ ಚಪ್ಪಲಿ ಓರೆಯಾಗಿ ಬಿದ್ದಿದ್ದರೆ ಬಗ್ಗಿ ನೇರ ಮಾಡಿಯೇ ಹೊಸ್ತಿಲು ದಾಟುವವರು. ಗೋಡೆಯ ಕ್ಯಾಲೆಂಡರ್ ಒಂದೆಳೆ ವಾಲಿದ್ದರೂ ಆಡುತ್ತಿದ್ದ ಮಾತು ನಿಲ್ಲಿಸಿ, ಎದ್ದು ಸರಿಮಾಡಿ, ಬಂದು ಕೂತು, ಬಿಟ್ಟಲ್ಲಿಂದಲೇ ಮಾತು ಮುಂದುವರಿಸುವವರು. "ಇವರೆದುರು ತಲೆ ಬಾಚದೆ ಹೋಗಬೇಡ, ಬೈತಲೆ ತಿದ್ದಿಬಿಟ್ಟಾರು" ಎಂದು ನನ್ನ ಗಂಡ ತಮಾಷೆ ಮಾಡುತ್ತಿದ್ದ.

ಅವರ ಕಸುಬು ಪುಸ್ತಕ ಕಟ್ಟುವುದು. ಕಚೇರಿಗಳ ದಪ್ಪ ರಿಜಿಸ್ಟರು, ಶಾಲೆಯ ಹಾಜರಿ ಪುಸ್ತಕ, ಯಾರದೋ ಬೆನ್ನು ಕಿತ್ತುಹೋದ ನಿಘಂಟು. ಕೆಳಮನೆಯ ಮುಂದಿನ ಕೋಣೆಯೇ ಕೆಲಸದ ಜಾಗ. ಗೋಡೆಗೆ ಒರಗಿಸಿದ ರಟ್ಟುಗಳು, ಗೋಂದಿನ ಡಬ್ಬಿ, ದಾರದ ಉಂಡೆಗಳು, ನಡುವೆ ಕಪ್ಪು ಕಬ್ಬಿಣದ ಕಟಿಂಗ್ ಮೆಷಿನ್ನು. ಹೊಲಿದ ಹಾಳೆಗಳನ್ನು ಅದರಡಿ ಇಟ್ಟು, ಮೇಲಿನ ಚಕ್ರ ತಿರುಗಿಸಿ ಅದುಮಿ, ಪಕ್ಕದ ಹಿಡಿ ಎಳೆದರೆ ಅಲಗು ಇಳಿಯುತ್ತಿತ್ತು. ಹೊಲಿಗೆಯ ಕಡೆ ಬಿಟ್ಟು ಉಳಿದ ಮೂರು ಕಡೆಯ ಅಂಚೂ ಒಂದೇ ಸಮ. ಆಮೇಲೆ ಹೆಬ್ಬೆರಳಿನಿಂದ ಅಂಚನ್ನು ಸವರಿ ನೋಡುತ್ತಿದ್ದರು, ಮಗುವಿನ ಕೆನ್ನೆ ಮುಟ್ಟಿದ ಹಾಗೆ.

"ಅಂಚು ಹೊಡೀದೆ ಇರೋ ಪುಸ್ತಕ ಪುಸ್ತಕಾನೇ ಅಲ್ಲಮ್ಮ. ಬರೀ ಕಾಗದದ ರಾಶಿ."

ನಾವು ಮಹಡಿಯ ಮೇಲಿನ ಎರಡು ಕೋಣೆಗೆ ಬಾಡಿಗೆಗೆ ಬಂದಾಗ ನನಗೆ ಏಳು ತಿಂಗಳು. ಮೊದಲೇ ನಾನು ಬೇಡದ್ದನ್ನೆಲ್ಲ ಯೋಚಿಸುವವಳು. ಔಷಧಿ ಚೀಟಿಯನ್ನು ಮೂರು ಸಲ ಓದಿ, ಫೋಟೋ ತೆಗೆದು, ಆಮೇಲೂ ಮಾತ್ರೆ ನುಂಗಲು ಹಿಂದೆಮುಂದೆ ನೋಡುವವಳು. ಅಂಥವಳು ಬಂದು ಸೇರಿದ್ದು, ಆಸ್ಪತ್ರೆಯಲ್ಲಿ ಮಗಳನ್ನು ಕಳೆದುಕೊಂಡ ಮನೆಗೆ. ಗೊತ್ತಿದ್ದರೆ ಮುಂಗಡ ಕೊಡುತ್ತಲೇ ಇರಲಿಲ್ಲ.

ಗೊತ್ತಾದದ್ದು ಬಂದ ವಾರದಲ್ಲೇ. ಮೆಟ್ಟಿಲ ಕೆಳಗೆ ನಿಂತು ಅವರ ಹೆಂಡತಿ ನನ್ನನ್ನು ಕರೆದರು. ಹುಟ್ಟಲಿರುವ ಮಗುವಿನ ಲೆಕ್ಕದಲ್ಲಿ ಆಗಲೇ ಅವರನ್ನು ಅಜ್ಜಿ, ಇವರನ್ನು ತಾತ ಎನ್ನುತ್ತಿದ್ದೆ.

"ಬಿಸಿನೀರು ಕಾದಿದೆ ಅಂತ ಹೇಳಮ್ಮ ಅವರಿಗೆ."

ಅವರು ನಮ್ಮಿಬ್ಬರಿಂದ ಎರಡು ಮಾರು ದೂರದಲ್ಲಿ ರಟ್ಟು ಅಳೆಯುತ್ತ ನಿಂತಿದ್ದರು. ನಾನು ತಬ್ಬಿಬ್ಬಾಗಿ ಅತ್ತ ತಿರುಗಿ, "ತಾತ, ಬಿಸಿನೀರು ಕಾದಿದೆಯಂತೆ" ಎಂದೆ.

"ಇದೊಂದು ಮುಗಿಸಿ ಬರ್ತೀನಿ ಅಂತ ಹೇಳಮ್ಮ."

ನನಗೆ ನಗು ಬಂತು. ಮೇಲೆ ಹೋಗಿ ಗಂಡನಿಗೆ ಇಬ್ಬರಂತೆಯೂ ಮಾತಾಡಿ ತೋರಿಸಿದೆ. ಮಾರನೆಯ ದಿನ ಅಜ್ಜಿ ಕತೆ ಹೇಳಿದರು. ಆಮೇಲೆ ಹಾಗೆ ನಗಲಿಲ್ಲ.

ಮಗಳಿಗೆ ಇಪ್ಪತ್ತೆರಡು ವರ್ಷ. ಅಪ್ಪನ ಜೊತೆಯಲ್ಲೇ ಕೆಲಸ. ಅವಳು ಹೊಲಿಯುವುದು, ಅವರು ಕತ್ತರಿಸುವುದು. ಮುಖ್ಯರಸ್ತೆಯ ನಾಲ್ಕು ಮಹಡಿ ಆಸ್ಪತ್ರೆಯ ರಿಜಿಸ್ಟರುಗಳನ್ನೆಲ್ಲ ಕಟ್ಟಿಕೊಡುತ್ತಿದ್ದವರು ಇವರೇ. ಆ ಸಲ ವಾರದೊಳಗೆ ಒಂದು ದೊಡ್ಡ ಕಟ್ಟು ಕೊಡಬೇಕಿತ್ತು. ಹುಡುಗಿಗೆ ಹೊಟ್ಟೆನೋವು ಶುರುವಾಯಿತು. ಗ್ಯಾಸ್ ಇರಬೇಕು ಎಂದು ಅಪ್ಪ ಮಾತ್ರೆ ತಂದುಕೊಟ್ಟರು. ಎಡಗೈಯಲ್ಲಿ ಹೊಟ್ಟೆ ಅದುಮಿಕೊಂಡು, ಬಲಗೈಯಲ್ಲಿ ಸೂಜಿ ಹಿಡಿದು ಅವಳು ಎರಡು ದಿನ ಹೊಲಿದಳು. ಮೂರನೆಯ ದಿನ ರಿಜಿಸ್ಟರುಗಳೂ ಅವಳೂ ಒಂದೇ ಆಟೋದಲ್ಲಿ ಆಸ್ಪತ್ರೆಗೆ ಹೋದರು.

ಅಪೆಂಡಿಕ್ಸು. ಬೆಳಿಗ್ಗೆ ಆಪರೇಷನ್ ಆಯಿತು, ಚೆನ್ನಾಗಿಯೇ ಆಯಿತು ಎಂದರು. ಮಧ್ಯಾಹ್ನದ ಹೊತ್ತಿಗೆ ಹುಡುಗಿ ಬೆಳ್ಳಗಾಗತೊಡಗಿದಳು. ಒಳಗೆಲ್ಲೋ ರಕ್ತ ಸೋರುತ್ತಿತ್ತು. ಆಪರೇಷನ್ ಮಾಡಿದ ಸರ್ಜನ್ ದಿನಕ್ಕೆ ನಾಲ್ಕು ಆಸ್ಪತ್ರೆ ಸುತ್ತುವವರು, ಆಗಲೇ ಇನ್ನೆಲ್ಲೋ ಇದ್ದರು. ವಾರ್ಡಿನ ನರ್ಸು ಮೂರು ಸಲ ಫೋನ್ ಮಾಡಿದಳು. ನಾಡಿ, ರಕ್ತದ ಒತ್ತಡ ಬರೆಯಲು ಚಾರ್ಟಿನಲ್ಲಿ ಕಾಲಂ ಇರುತ್ತದೆ, ಫೋನ್ ಮಾಡಿದ್ದನ್ನು ಬರೆಯಲು ಇರುವುದಿಲ್ಲ. ಅದಕ್ಕೆ ಅವಳು ಹಾಳೆಯ ಹಿಂಬದಿಯಲ್ಲಿ, ಎಡ ಅಂಚಿನಲ್ಲಿ ಉದ್ದಕ್ಕೆ ಬರೆದಿದ್ದಳು: ಎರಡು ಹತ್ತಕ್ಕೆ ಫೋನ್, ಮೂರಕ್ಕೆ ಫೋನ್, ನಾಲ್ಕಕ್ಕೆ ಫೋನ್, ಬರುತ್ತೇನೆ ಅಂದರು. ಸರ್ಜನ್ ಬರಲಿಲ್ಲ. ಆಸ್ಪತ್ರೆಯವರು ಬೇರೆ ಡಾಕ್ಟರನ್ನೂ ಕರೆಸಲಿಲ್ಲ. ಆರು ಗಂಟೆಗೆ ದೊಡ್ಡಾಸ್ಪತ್ರೆಗೆ ಒಯ್ಯಿರಿ ಎಂದು ಆಂಬ್ಯುಲೆನ್ಸಿಗೆ ಹತ್ತಿಸಿದರು. ಗಡಿಬಿಡಿಯಲ್ಲಿ ಆ ಚಾರ್ಟನ್ನೇ ಅಪ್ಪನ ಕೈಗೆ ಕೊಟ್ಟುಬಿಟ್ಟಿದ್ದರು. ದಾರಿಯಲ್ಲೇ ಹುಡುಗಿ ಹೋದಳು. ಚಾರ್ಟು ಕೈಯಲ್ಲೇ ಉಳಿಯಿತು.

ಕೇಸು ಹಾಕಿದಾಗ ಆಸ್ಪತ್ರೆ ಬೇರೊಂದು ಚಾರ್ಟು ತಂದು ತೋರಿಸಿತು. ಚೊಕ್ಕ ಅಕ್ಷರ, ಅಂಚಿನಲ್ಲಿ ಏನೂ ಇಲ್ಲ. ನನಗೆ ಯಾರೂ ಫೋನ್ ಮಾಡಲೇ ಇಲ್ಲ ಎಂದರು ಸರ್ಜನ್. ಅವರು ನಮ್ಮ ನೌಕರರೇ ಅಲ್ಲ, ಬಂದುಹೋಗುವವರು, ನಾವು ಕೋಣೆ ಕೊಟ್ಟವರು ಮಾತ್ರ ಎಂದಿತು ಆಸ್ಪತ್ರೆ. ಅದಕ್ಕಿಂತ ಮುಖ್ಯವಾಗಿ, ಮನೆಯವರೇ ಎರಡು ದಿನ ತಡಮಾಡಿ ತಂದರು ಎಂದಿತು. ನರ್ಸು ಕೆಲಸ ಬಿಟ್ಟು ಎಲ್ಲಿಗೆ ಹೋದಳೋ ಸಿಗಲಿಲ್ಲ.

ಅಜ್ಜಿ ಗಂಡನ ಜೊತೆ ಮಾತು ಬಿಟ್ಟದ್ದು ಕೋರ್ಟಿನಲ್ಲಿ ಆ ಎರಡು ದಿನದ ಮಾತು ಕೇಳಿದ ಮೇಲಲ್ಲ. ಅದಕ್ಕೂ ಮೊದಲೇ, ಮಗಳ ಹೆಣದ ಮುಂದೆಯೇ. "ಎರಡು ದಿನ ಹೊಲಿಸಿದರಮ್ಮ ಅವಳ ಕೈಲಿ" ಎಂದು ನನ್ನೊಡನೆ ಹೇಳಿದ್ದು ಒಂದೇ ಸಲ. ಮತ್ತೆ ಹೇಳಲಿಲ್ಲ. ಅಡುಗೆ ಮಾಡಿ ಹಾಕುತ್ತಿದ್ದರು, ಬಟ್ಟೆ ಒಗೆದು ಹಾಕುತ್ತಿದ್ದರು, ಸತ್ತವಳ ಜಾಗದಲ್ಲಿ ತಾವೇ ಕೂತು ಹಾಳೆ ಹೊಲಿಯುತ್ತಲೂ ಇದ್ದರು. ಮಾತು ಮಾತ್ರ ಮೂರನೆಯವರ ಮೂಲಕ. ನಾವು ಬಾಡಿಗೆಗೆ ಬರುವ ಮುಂಚೆ ಪಕ್ಕದ ಇಸ್ತ್ರಿಯವನ ಮೂಲಕ ನಡೆಯುತ್ತಿತ್ತಂತೆ. "ಅವನು ಅರ್ಧ ಮಾತು ನುಂಗ್ತಿದ್ದ, ನೀನೇ ವಾಸಿ" ಎಂದರು.

ನನ್ನ ಮಗಳು ಹುಟ್ಟಿ ನಾಲ್ಕು ತಿಂಗಳಿಗೆ ಕೆಳಗಿನ ಕೋರ್ಟಿನ ತೀರ್ಪು ಬಂತು. ಅರ್ಧ ಪುಟಕ್ಕೊಂದು ವಾಕ್ಯ. ಓದಿ ಹೇಳಲು ನನ್ನನ್ನೇ ಕರೆದರು. ಕೆಲಸದ ಮೇಜಿನ ಒಂದು ಬದಿಗೆ ತಾತ, ಇನ್ನೊಂದು ಬದಿಗೆ ಅಜ್ಜಿ, ನನ್ನ ತೊಡೆಯ ಮೇಲೆ ಮಗು. ಸರ್ಜನ್ ಯಾರ ನೌಕರರಾದರೂ ಆಗಲಿ, ವಾರ್ಡು ಆಸ್ಪತ್ರೆಯದು, ನರ್ಸು ಆಸ್ಪತ್ರೆಯವಳು, ಹುಡುಗಿಯ ಸ್ಥಿತಿ ಕೆಡುತ್ತಿದೆ, ಡಾಕ್ಟರು ಬರುತ್ತಿಲ್ಲ ಎನ್ನುವುದು ಆಸ್ಪತ್ರೆಗೆ ಗೊತ್ತಿತ್ತು, ಗೊತ್ತಿದ್ದೂ ನಾಲ್ಕು ಗಂಟೆ ಕಾಲ ಸುಮ್ಮನಿತ್ತು, ಆದ್ದರಿಂದ ಆಸ್ಪತ್ರೆಯೇ ಹೊಣೆ ಎಂದಿತ್ತು. ಗೊತ್ತಿತ್ತು ಎನ್ನಲು ಆಧಾರ, ಅಂಚಿನ ಆ ಬರಹ. ಪರಿಹಾರದ ಮಾತೂ ಇತ್ತು. ಆ ಪುಟವನ್ನು ಇಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಹನ್ನೊಂದನೆಯ ಪುಟಕ್ಕೆ ಬಂದೆ. "ನೋವು ಶುರುವಾದ ಮೇಲೆ ಎರಡು ದಿನ ಕಳೆದದ್ದೇ ಸಾವಿಗೆ ಕಾರಣ ಎನ್ನಲು ಆಧಾರವಿಲ್ಲ. ಮೃತಳ ತಂದೆಯ ಕಡೆಯಿಂದ ಯಾವ ಲೋಪವೂ ಆಗಿಲ್ಲ."

"ಇನ್ನೊಂದು ಸಲ ಓದು" ಎಂದರು ಅಜ್ಜಿ.

ಓದಿದೆ.

"ಜಡ್ಜೇ ಹಾಗಂದಿದಾರಾ? ನಮ್ಮ ಲಾಯರಮ್ಮ ಹೇಳಿದ್ದಲ್ಲ ತಾನೆ?"

"ಜಡ್ಜೇ ಅಜ್ಜಿ. ಕೆಳಗೆ ಸಹಿ ಇದೆ ನೋಡಿ."

ಸಹಿಯನ್ನು ಬೆರಳಿಂದ ಮುಟ್ಟಿ ನೋಡಿ ಎದ್ದು ಒಳಗೆ ಹೋದರು. ಅಲ್ಲಿ ಪಾತ್ರೆ ಸದ್ದಾಯಿತು. ತಾತ ನೀರು ಕುಡಿಯಲು ಲೋಟಕ್ಕೆ ಕೈ ಚಾಚಿದ್ದರು. ಬಾಗಿಲಿಂದ ಅಜ್ಜಿಯ ದನಿ ಬಂತು: "ರೀ, ಗೋಂದು ಮೆತ್ತಿದ ಕೈಲಿ ಲೋಟ ಮುಟ್ಟಬೇಡಿ! ಎಷ್ಟು ಸಲ ಬಡ್ಕೊಳ್ಳೋದು!"

ಮೂರೂವರೆ ವರ್ಷಕ್ಕೆ ಮೊದಲ ಮಾತು ಅದು. ತಾತ ಚಾಚಿದ ಕೈ ಹಿಂದಕ್ಕೆಳೆದುಕೊಂಡು, ಎದ್ದು ಹೋಗಿ, ಎರಡೂ ಕೈ ಉಜ್ಜಿ ಉಜ್ಜಿ ತೊಳೆದುಕೊಂಡು ಬಂದರು.

ಅಂದಿನಿಂದ ಕೆಳಮನೆಯಲ್ಲಿ ಬೈಗುಳ ಶುರುವಾಯಿತು. ದಾರ ಎಲ್ಲೆಂದರಲ್ಲಿ ಬಿಸಾಡಿದ್ದಕ್ಕೆ, ಕನ್ನಡಕ ಹಣೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕಿದ್ದಕ್ಕೆ, ಊಟಕ್ಕೆ ಕರೆದರೆ ಬಂದೆ ಬಂದೆ ಎಂದು ಅರ್ಧಗಂಟೆ ಕೂರಿಸಿದ್ದಕ್ಕೆ. ನಾನು ಮೇಲೆ ಮಗುವಿಗೆ ಹಾಲು ಕುಡಿಸುತ್ತ ಅದನ್ನೆಲ್ಲ ಕೇಳುತ್ತಿದ್ದೆ. ನನಗೆ ಕೆಲಸ ತಪ್ಪಿತ್ತು. ಯಾರ ಮಾತನ್ನೂ ಯಾರಿಗೂ ಮುಟ್ಟಿಸಬೇಕಿರಲಿಲ್ಲ.

ತಾತ ಅರ್ಜಿ ಹಾಕಿ ಆ ಚಾರ್ಟಿನ ಅಸಲನ್ನು ಕೋರ್ಟಿನಿಂದ ಬಿಡಿಸಿಕೊಂಡು ಬಂದರು. ಮಗಳ ಕೊನೆಯ ದಿನದ ಕಾಗದ, ಮನೆಯಲ್ಲಿರಲಿ ಎಂದರು. ಕೋರ್ಟಿನಲ್ಲಿ ಜೆರಾಕ್ಸ್ ಉಳಿಯಿತು. ಅದಾದ ಮೇಲೆ ಆಸ್ಪತ್ರೆ ಮೇಲಿನ ಕೋರ್ಟಿಗೆ ಅಪೀಲು ಹೋಯಿತು. ವಿಷಯ ತಿಳಿಸಲು ಲಾಯರಮ್ಮ ತಾವೇ ಬಂದಿದ್ದರು. ಸ್ಕೂಟರಿನಲ್ಲಿ ಓಡಾಡುವ, ಮಾತಿಗೊಮ್ಮೆ ಗಡಿಯಾರ ನೋಡುವ ಹೆಂಗಸು.

"ಅಪೀಲು ಅಂದ್ರೆ ಏನಮ್ಮ, ಹೊಲಿಗೆ ಬಿಚ್ಚಿ ಮತ್ತೆ ಮೊದಲಿಂದ ನೋಡ್ತಾರಾ?" ಎಂದು ಕೇಳಿದರು ತಾತ.

"ಹಾಗೇ ಅನ್ಕೊಳ್ಳಿ. ಬಿಚ್ಚಿದರೂ ಹಾಳೆ ಅದೇ ಅಲ್ವಾ? ಹೆದರಬೇಡಿ. ಅಸಲು ಕಾಗದ ಜೋಪಾನವಾಗಿಡಿ, ಅಷ್ಟೆ."

"ಹನ್ನೊಂದನೇ ಪುಟಾನೂ ಬಿಚ್ತಾರಾ?" ಇದು ಅಜ್ಜಿ.

ಲಾಯರಮ್ಮ ಗಡಿಯಾರ ನೋಡಿದರು. "ಎಲ್ಲಾನೂ ನೋಡ್ತಾರಮ್ಮ."

ಇನ್ನು ನನ್ನ ಪಾಲಿನದನ್ನು ಹೇಳಬೇಕು.

ಮಗಳು ನಡೆಯಲು ಕಲಿತ ಮೇಲೆ ದಿನದ ಅರ್ಧ ಕೆಳಗೇ ಇರುತ್ತಿದ್ದಳು. ತಾತ ಕತ್ತರಿಸಿದ ಅಂಚಿನ ಪಟ್ಟಿಗಳು ಅವಳ ಆಟದ ಸಾಮಾನು. ಮೆಷಿನ್ನಿಗೆ ಅವಳ ಕೈ ಎಟುಕದ ಹಾಗೆ ತಾತ ಸುತ್ತ ರಟ್ಟಿನ ಬೇಲಿ ಕಟ್ಟಿದ್ದರು. ಆದರೂ ನಾನು ಐದು ನಿಮಿಷಕ್ಕೊಮ್ಮೆ ಇಣುಕುತ್ತಿದ್ದೆ. ಒಂದು ಮಧ್ಯಾಹ್ನ, ಅಜ್ಜಿ ಪೇಟೆಗೆ ಹೋಗಿದ್ದ ಹೊತ್ತು, ಇಣುಕಿದರೆ ಅವಳು ಕೆಳಗಿನ ಕಪಾಟು ತೆರೆದು, ಕೇಸಿನ ಕಾಗದಗಳನ್ನೆಲ್ಲ ಹರಡಿಕೊಂಡು ಕೂತಿದ್ದಳು. ತುಟಿಯ ನಡುವೆ ಏನೋ ಮಿಂಚಿತು. ಗುಂಡುಪಿನ್ನು. ಬೆರಳು ಹಾಕಿ ತೆಗೆದೆ. ನಾಲಗೆಯ ಮೇಲೆ ಇನ್ನೊಂದಿತ್ತು. ಅದನ್ನೂ ತೆಗೆದೆ. ಮೂರನೆಯದಿದೆಯೇ ಎಂದು ಬಾಯೊಳಗೆಲ್ಲ ಬೆರಳಾಡಿಸಿದೆ. ಮಗುವಿನ ಜೊತೆ ನಾನೂ ಅತ್ತೆ. ಆಮೇಲೆ ತಾತನ ಮೇಲೆ ಹರಿಹಾಯ್ದೆ.

"ಇಷ್ಟೊಂದು ಪಿನ್ನು ಚುಚ್ಚಿಟ್ಟಿದ್ದೀರಲ್ಲ ತಾತ! ಊರವರ ಪುಸ್ತಕ ಎಲ್ಲ ಕಟ್ತೀರಿ, ನಿಮ್ಮ ಮನೆ ಕಾಗದ ಕಟ್ಟಿಡೋಕೆ ಆಗಲ್ವಾ?"

ಅವರ ಮುಖ ಇಷ್ಟಾಯಿತು. "ತಪ್ಪಾಯ್ತಮ್ಮ. ಇವತ್ತೇ ಕಟ್ಟಿಡ್ತೀನಿ."

ಸಂಜೆಯೊಳಗೆ ಕಟ್ಟಿಯೂ ಇಟ್ಟರು. ಪಿನ್ನುಗಳನ್ನೆಲ್ಲ ಎಣಿಸಿ ಡಬ್ಬಿಗೆ ಹಾಕಿ, ಡಬ್ಬಿಯನ್ನು ಮೇಲಿನ ಗೂಡಿಗೆ ಏರಿಸಿ, ಕಾಗದಗಳನ್ನು ಜೋಡಿಸಿ ಹೊಲಿದು, ಕೆಂಪು ಬಟ್ಟೆಯ ಬೆನ್ನು ಹಚ್ಚಿ, ಗಟ್ಟಿ ರಟ್ಟು ಹಾಕಿದ್ದರು. ನನ್ನ ಕೈಗೆ ಕೊಟ್ಟು, "ಮಗು ಕಚ್ಚಿದರೂ ಏನೂ ಆಗಲ್ಲ ನೋಡು" ಎಂದು ನಕ್ಕರು. ಅಂಚು ಕನ್ನಡಿಯ ಹಾಗಿತ್ತು. ನಾನೂ ಹೆಬ್ಬೆರಳಿಂದ ಸವರಿ ನೋಡಿದೆ. ಮನಸ್ಸಿಗೆ ಸಮಾಧಾನವಾಯಿತು.

ಐದು ತಿಂಗಳಾದ ಮೇಲೆ ಮೇಲಿನ ಕೋರ್ಟಿನಲ್ಲಿ ಆಸ್ಪತ್ರೆಯ ಲಾಯರು ಹೊಸ ತಕರಾರು ತೆಗೆದರು. ಅಂಚಿನ ಬರಹ ನಮ್ಮ ನರ್ಸಿನದೇ ಅಲ್ಲ, ಕೈಬರಹ ಪರೀಕ್ಷೆ ಆಗಲಿ ಎಂದು. ಜೆರಾಕ್ಸಿನಲ್ಲಿ ಆ ಜಾಗ ಬರೀ ಕಪ್ಪು ಮಸಿ. ಅಸಲು ತನ್ನಿ ಎಂದು ಕೋರ್ಟು ಹೇಳಿತು. ಲಾಯರಮ್ಮ ಖುಷಿಯಿಂದಲೇ ಬಂದರು. "ಒಳ್ಳೇದೇ ಆಯ್ತು, ಪರೀಕ್ಷೆ ಆದರೆ ಅವರ ಬಾಯಿ ಮುಚ್ಚುತ್ತೆ. ಎಲ್ಲಿ, ಕೊಡಿ."

ತಾತ ಕೆಂಪು ಬೆನ್ನಿನ ಪುಸ್ತಕ ತಂದು ಮೇಜಿನ ಮೇಲೆ ನೇರವಾಗಿ ಇಟ್ಟರು.

ಲಾಯರಮ್ಮ ಚಾರ್ಟಿನ ಪುಟ ತೆಗೆದರು. ಹಾಳೆ ತಿರುವಿದರು. ಮತ್ತೆ ಮುಂದಿನ ಬದಿಗೆ ತಿರುವಿದರು. ಅವತ್ತು ಅವರು ಗಡಿಯಾರ ನೋಡಲಿಲ್ಲ.

"ಇದರ ಅಂಚೆಲ್ಲಿ?"

ತಾತ ಬಗ್ಗಿ ನೋಡಿದರು. ಹಾಳೆಯ ಹಿಂಬದಿಯ ಎಡತುದಿಯಲ್ಲಿ ಅಲ್ಲೊಂದು ಇಲ್ಲೊಂದು ನೀಲಿ ಚುಕ್ಕಿ ಉಳಿದಿತ್ತು. ಅಕ್ಷರಗಳ ಪಾದ ಮಾತ್ರ.

"ಎಡ ಅಂಚು ಹೊಲಿಗೆ ಕಡೆ ಹೋಗುತ್ತೆ, ಅಲಗಿಗೆ ಸಿಗಲ್ಲ ಅಂತ..." ಎಂದು ಶುರುಮಾಡಿ ನಿಲ್ಲಿಸಿದರು. ಹಾಳೆಯನ್ನು ತಾವೇ ಒಮ್ಮೆ ಈಚೆ, ಒಮ್ಮೆ ಆಚೆ ತಿರುವಿದರು. ಮುಂದಿನ ಪುಟದ ಎಡ ಅಂಚು ಹೊಲಿಗೆಗೆ ಹೋಗುತ್ತದೆ. ಹಿಂಪುಟದ ಎಡ ಅಂಚು ಎಂದರೆ ಅದರ ಎದುರು ಬದಿ, ಅಲಗಿನ ಬದಿ. ನಲವತ್ತು ವರ್ಷ ಹಾಳೆ ತಿರುವಿದ ಮನುಷ್ಯ. ಅಂಚಿನಲ್ಲಿ ಬರಹವಿದೆ ಎಂಬುದು ತಲೆಯಲ್ಲಿತ್ತು, ಎಡಗಡೆ ಎಂಬುದೂ ಇತ್ತು. ಅದಕ್ಕೆಂದೇ ಹೊಲಿಗೆಯ ಕಡೆ ಧಾರಾಳವಾಗಿ ಜಾಗ ಬಿಟ್ಟಿದ್ದರು.

"ಜೋಪಾನವಾಗಿಡಿ ಅಂದಿದ್ದೆನಲ್ಲ ನಾನು" ಎಂದರು ಲಾಯರಮ್ಮ. ಬೈಗುಳದ ದನಿಯಲ್ಲ, ಅಳುವ ದನಿ.

"ಜೋಪಾನ ಮಾಡೇ ಇಟ್ಟೆನಲ್ಲಮ್ಮ."

ಅಜ್ಜಿ ಎದ್ದು ಹಿಂದಿನ ಕೋಣೆಗೆ ಹೋಗಿ ಅಂಚಿನ ಪಟ್ಟಿಗಳ ಮೂಟೆಯನ್ನು ಎಳೆದು ತಂದು ನೆಲಕ್ಕೆ ಸುರಿದರು. ರದ್ದಿಯವನು ಎರಡು ತಿಂಗಳಿಗೊಮ್ಮೆ ಬಂದು ಒಯ್ಯುತ್ತಾನೆ. ಆದರೆ ಮೆಟ್ಟಿಲ ಕೆಳಗೆ ಒಂದು ಹಳೆಯ ಮೂಟೆ ಉಳಿದಿತ್ತು. ಅದನ್ನೂ ಸುರಿದರು. ಅರ್ಧ ಬೆರಳಗಲದ ಸಾವಿರಾರು ಪಟ್ಟಿ. ಮೂರು ದಿನ ಬೆಳಿಗ್ಗೆಯಿಂದ ಸಂಜೆವರೆಗೆ ಅಜ್ಜಿಯೂ ನಾನೂ ನೆಲದ ಮೇಲೆ ಕೂತು ಒಂದೊಂದೇ ಎತ್ತಿ ಬೆಳಕಿಗೆ ಹಿಡಿದೆವು. ತಾತ ಬಾಗಿಲ ಹತ್ತಿರ ಬಂದರೆ ಅಜ್ಜಿ ಕೈ ನಿಲ್ಲಿಸಿಬಿಡುತ್ತಿದ್ದರು. ಅವರು ಹಿಂದಿರುಗುತ್ತಿದ್ದರು.

ಎರಡನೆಯ ದಿನ ಅಜ್ಜಿ ಒಮ್ಮೆ, "ನೀಲಿ! ನೀಲಿ ಶಾಯಿ ನೋಡು!" ಎಂದು ಕೂಗಿದರು. ಇಸಿದುಕೊಂಡು ಓದಿದೆ. ಏಳೆಂಟ್ಲಿ ಐವತ್ತಾರು. ಯಾವುದೋ ಶಾಲೆಯ ಹುಡುಗರ ನೋಟ್‌ಬುಕ್ಕು. ಏನಿದೆ, ಏನಿದೆ ಎಂದು ಕೇಳುತ್ತಲೇ ಇದ್ದರು. "ಮಗ್ಗಿ ಅಜ್ಜಿ" ಎಂದೆ. ಪಟ್ಟಿಯನ್ನು ತಿರುಗಿ ತೆಗೆದುಕೊಂಡು, ಎಸೆಯದೆ, ಪಕ್ಕಕ್ಕಿಟ್ಟರು.

ಸಿಗಲಿಲ್ಲ.

ವಿಚಾರಣೆಯ ದಿನ ತಾತನ ಜೊತೆ ನಾನೂ ಹೋದೆ. ಮಗುವಿಗೆ ನೆಗಡಿ. ಬಿಟ್ಟು ಹೋಗಲು ಮನಸ್ಸಿಲ್ಲದಿದ್ದರೂ ಗಂಡನ ಹತ್ತಿರ ಬಿಟ್ಟು, ದಾರಿಯಲ್ಲಿ ಎರಡು ಸಲ ಫೋನ್ ಮಾಡಿ ಹೋದೆ. ಆಸ್ಪತ್ರೆಯ ಲಾಯರು ಮೆಲುದನಿಯ ಮನುಷ್ಯ. ಕಾರಿಡಾರಿನಲ್ಲಿ ನಮಗೆ ದಾರಿ ಬಿಟ್ಟು ನಿಂತರು. ಒಳಗೆ ಜಡ್ಜು ಕೆಂಪು ಬೆನ್ನಿನ ಪುಸ್ತಕವನ್ನು ಎತ್ತಿ ಹಿಡಿದರು.

"ಇದನ್ನು ಕತ್ತರಿಸಿದವರು ಯಾರು?"

ಲಾಯರಮ್ಮ ಬಾಯಿ ತೆರೆಯುವಷ್ಟರಲ್ಲಿ ತಾತ ಹಿಂದಿನ ಬೆಂಚಿನಿಂದ ಎದ್ದರು. "ನಾನೇ ಸ್ವಾಮಿ."

"ಯಾಕೆ?"

ನಾನು ಅವರ ಪಕ್ಕದಲ್ಲೇ ಕೂತಿದ್ದೆ. ಮಗು ಪಿನ್ನು ಬಾಯಿಗೆ ಹಾಕಿಕೊಂಡಿತ್ತು, ಈಕೆ ಕಟ್ಟಿಡಿ ಎಂದಳು, ಎಂದು ಹೇಳಬಹುದಿತ್ತು. ನನ್ನ ಕಡೆ ಕಣ್ಣೂ ಹಾಯಿಸಲಿಲ್ಲ.

"ಅಂಚು ಓರೆ ಇತ್ತು ಸ್ವಾಮಿ."

ಯಾರೋ ಕಿಸಕ್ಕೆಂದರು. ಆಸ್ಪತ್ರೆಯ ಲಾಯರು ಎದ್ದು ನಿಂತರು. "ಇವರು ವರ್ಷಗಟ್ಟಲೆ ನಮ್ಮ ಆಸ್ಪತ್ರೆಯ ರಿಜಿಸ್ಟರುಗಳನ್ನು ಕಟ್ಟಿದವರು. ಇವರ ಕೆಲಸದಲ್ಲಿ ನಾವು ಒಂದು ದಿನವೂ ತಪ್ಪು ಕಂಡಿಲ್ಲ. ಹಾಳೆಯನ್ನು ಎಲ್ಲಿ ಕತ್ತರಿಸಬೇಕು, ಎಲ್ಲಿ ಕತ್ತರಿಸಬಾರದು ಎನ್ನುವುದು ಇವರಿಗಿಂತ ಚೆನ್ನಾಗಿ ಗೊತ್ತಿರುವವರು ಈ ಊರಿನಲ್ಲೇ ಇಲ್ಲ."

ತಾತನ ಕಸುಬಿಗೆ ಆ ಊರು ಕೊಟ್ಟ ದೊಡ್ಡ ಹೊಗಳಿಕೆ ಅದು. ಅವರು ಕೈಮುಗಿದು ಕೂತರು. ಅಭ್ಯಾಸಬಲ.

ತೀರ್ಪು ಬಂದದ್ದು ಎರಡು ತಿಂಗಳಿಗೆ. ಮತ್ತೆ ಅದೇ ಮೇಜು, ಅದೇ ಎರಡು ಬದಿ. ಮಗುವನ್ನು ಮಾತ್ರ ಮೇಲೆ ಮಲಗಿಸಿ ಬಂದಿದ್ದೆ. ಲಾಯರಮ್ಮ ಫೋನಿನಲ್ಲೇ ಸೋತೆವು ಎಂದಿದ್ದರು. ಆದರೂ ಓದಬೇಕು ಎಂದು ಅಜ್ಜಿ ಹಟ ಹಿಡಿದರು.

ಸರ್ಜನ್ ಆಸ್ಪತ್ರೆಯ ನೌಕರನಲ್ಲ. ಸ್ಥಿತಿ ಕೆಡುತ್ತಿರುವುದು, ಡಾಕ್ಟರು ಬಾರದಿರುವುದು ಆಸ್ಪತ್ರೆಗೆ ತಿಳಿದಿತ್ತು ಎನ್ನಲು ಉಳಿದ ಆಧಾರವಿಲ್ಲ. ಇದ್ದ ಒಂದು ದಾಖಲೆಯನ್ನು ಪರೀಕ್ಷೆಗೆ ಬಾರದ ಹಾಗೆ ಮಾಡಿದವರು ಅದನ್ನು ಇಟ್ಟುಕೊಂಡಿದ್ದವರೇ. ಆದ್ದರಿಂದ ಆಸ್ಪತ್ರೆ ಹೊಣೆಯಲ್ಲ. ಅಪೀಲು ಪುರಸ್ಕೃತ. ನಾನು ಓದುತ್ತ ಹೋದೆ. ನಡುವೆ ಆ ಭಾಗ ಬಂತು. ಕಣ್ಣು ಮೊದಲೇ ಅಲ್ಲಿಗೆ ಹೋಗಿತ್ತು. ಹಾರಿಸಿಬಿಡಲೇ ಎನಿಸಿ ನಾಲಗೆ ಒಂದು ಗಳಿಗೆ ತಡೆಯಿತು.

"ಹನ್ನೊಂದನೇ ಪುಟದ ಮಾತು?" ಎಂದು ತಾತನೇ ಕೇಳಿದರು.

ಓದಿದೆ. "ಎರಡು ದಿನದ ವಿಳಂಬವನ್ನು ಅಲ್ಲಗಳೆಯುವಂತಿಲ್ಲ. ತಂದೆಯ ಕಡೆಯಿಂದ ಲೋಪವಿಲ್ಲ ಎಂಬ ಕೆಳ ನ್ಯಾಯಾಲಯದ ಅಭಿಪ್ರಾಯವನ್ನು ತೆಗೆದುಹಾಕಲಾಗಿದೆ."

"ಅಂದ್ರೆ?" ಎಂದರು ಅಜ್ಜಿ, ನನಗೆ.

"ಆ ಮಾತು ಇನ್ನು ಇಲ್ಲ ಅಂತ ಅಜ್ಜಿ."

"ಮೊದಲನೇ ಜಡ್ಜು ಬರೆದದ್ದು?"

"ಅದನ್ನೇ ತೆಗೆದಿದಾರೆ."

ಅಜ್ಜಿ ತಲೆಯಾಡಿಸಿದರು, ಅಂಗಡಿಯಲ್ಲಿ ಸಾಮಾನು ಮುಗಿದಿದೆ ಎಂದರೆ ತಲೆಯಾಡಿಸುವಂತೆ. ತಾತ ತೀರ್ಪಿನ ಹಾಳೆಗಳನ್ನು ನನ್ನ ಕೈಯಿಂದ ತೆಗೆದುಕೊಂಡು, ಮೇಜಿಗೆ ಕುಟ್ಟಿ ಸಮ ಮಾಡಲು ಹೋಗಿ, ಹಾಗೇ ಕೆಳಗಿಟ್ಟರು. ಮೊದಲ ಸಲ ನಾನು ಆ ಮೇಜಿನ ಮೇಲೆ ಓರೆಯಾದ ಕಾಗದ ನೋಡಿದೆ.

ಇನ್ನೂ ಮೇಲೊಂದು ಕೋರ್ಟಿದೆ ಎಂದು ಲಾಯರಮ್ಮ ಆಮೇಲೆ ಹೇಳಿದರು. "ಆದರೆ ಅಲ್ಲಿ ಕಾಗದವನ್ನ ಮತ್ತೆ ಹೊಸದಾಗಿ ನೋಡಲ್ಲ. ಇಲ್ಲದ ಅಂಚನ್ನ ನಾನು ಎಲ್ಲಿಂದ ತರಲಿ?" ಅವರ ಫೋನಿಗೆ ತಾತ ಹ್ಞೂಂ ಹ್ಞೂಂ ಎಂದಷ್ಟೇ ಹೇಳಿ ಇಟ್ಟುಬಿಟ್ಟರು.

ನಾಲ್ಕು ದಿನ ಮೆಟ್ಟಿಲ ತನಕ ಬಂದು ತಿರುಗಿ ಹೋದೆ. ಐದನೆಯ ದಿನ ಅಜ್ಜಿ ಹಿತ್ತಿಲಲ್ಲಿ ಬಟ್ಟೆ ಹಿಂಡುತ್ತಿದ್ದಾಗ ಹೋಗಿ ನಿಂತೆ.

"ಅಜ್ಜಿ, ತಪ್ಪು ನನ್ನದು. ಮಗು ಪಿನ್ನು ಬಾಯಿಗೆ ಹಾಕ್ಕೊಂಡಿತ್ತು. ಆ ಕಾಗದ ಕಟ್ಟಿಡಿ ಅಂತ ಜಗಳ ಆಡಿದವಳು ನಾನು. ತಾತ ನಿಮಗೆ ಹೇಳಿಲ್ಲ."

ಅಜ್ಜಿ ಟವೆಲನ್ನು ಪೂರ್ತಿ ಹಿಂಡಿ, ಕೊಡವಿ, ಹಗ್ಗದ ಮೇಲೆ ಹರವಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಕಟ್ಟಿ ಅಂದೆ ನೀನು. ಕತ್ತರಿಸಿ ಅಂದ್ಯಾ?"

ನಾನು ಹಗ್ಗದ ಮೇಲಿನ ಟವೆಲಿನ ಮೂಲೆ ಎಳೆದು ಸರಿಮಾಡಿದೆ.

"ಅವಳು ನೋವು ಅಂದಳು. ಹೊಲೀತೀನಿ ಅಂದಳಾ?" ಇನ್ನೊಂದು ಬಟ್ಟೆ ಕೈಗೆತ್ತಿಕೊಂಡರು. "ಹೋಗು, ಮಗು ಎದ್ದಿರಬೇಕು."

ಅಲ್ಲಿಗೆ ಮುಗಿಯಿತು. ನನ್ನ ಮೇಲೆ ಅವರಿಗೆ ಸಿಟ್ಟಿಲ್ಲ. ಈಗಲೂ ಮಗುವನ್ನು ಎತ್ತಿಕೊಳ್ಳುತ್ತಾರೆ, ಊಟ ಮಾಡಿಸುತ್ತಾರೆ. ಸಿಟ್ಟು ಬಂದಿದ್ದರೆ ತಾತನ ಮೇಲಿಂದ ಸ್ವಲ್ಪವಾದರೂ ಇಳಿದು ನನ್ನ ಮೇಲೆ ಬರುತ್ತಿತ್ತೇನೋ.

ತೀರ್ಪು ಬಂದ ಮೇಲೆ ತಾತ ಅಂಚು ಹೊಡೆಯುವುದನ್ನೇ ಬಿಟ್ಟರು. ಮೆಷಿನ್ನಿನ ಮೇಲೆ ಹಳೆಯ ಕಂಬಳಿ ಹೊದಿಸಿದ್ದಾರೆ. ಹೊಲಿಯುತ್ತಾರೆ, ರಟ್ಟು ಹಾಕುತ್ತಾರೆ, ಹಾಗೇ ಕೊಡುತ್ತಾರೆ. ಹಾಳೆಗಳು ಒಂದು ಒಳಗೆ, ಒಂದು ಹೊರಗೆ. "ಏನಿದು ನೇರಪ್ಪನೋರೇ, ನೀವೇ ಹೀಗೆ ಮಾಡಿದರೆ ಹೇಗೆ?" ಎಂದು ಶಾಲೆಯ ಗುಮಾಸ್ತ ಎರಡು ಸಲ ಕೇಳಿ, ಮೂರನೆಯ ಸಲ ಬೇರೆ ಕಡೆ ಹೋದ. ಕಚೇರಿಯವರೂ ಹೋದರು. ಆಸ್ಪತ್ರೆಯ ಕೆಲಸ ಎಂದೋ ನಿಂತಿತ್ತು. ಬೀದಿಯವರು ನೇರಪ್ಪ ಎಂದು ಕರೆಯುವುದು ಮಾತ್ರ ಬಿಟ್ಟಿಲ್ಲ. ಅದಕ್ಕೆ ಯಾರೂ ನಗುವುದಿಲ್ಲ.

ಕಳೆದ ವಾರ ನನ್ನ ಮಗಳ ಆಸ್ಪತ್ರೆ ಚೀಟಿಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಕೆಳಗೆ ಹೋದೆ. ಹುಟ್ಟಿದ ದಿನದಿಂದ ಒಂದನ್ನೂ ಎಸೆದಿಲ್ಲ. ಲಸಿಕೆಯ ಕಾರ್ಡು, ತೂಕದ ಚೀಟಿ, ರಕ್ತಪರೀಕ್ಷೆ, ಮಾತ್ರೆಯ ಬಿಲ್ಲು ಕೂಡ. ಬೇರೆ ಯಾರ ಕೈಗೂ ಕೊಡಲು ನನಗೆ ಧೈರ್ಯವಿರಲಿಲ್ಲ. ತಾತ ಚೀಲ ಇಸಿದುಕೊಂಡು, ಏನೂ ಕೇಳದೆ, ಎರಡು ದಿನದಲ್ಲಿ ಹೊಲಿದಿಟ್ಟರು. ಕೈಗೆ ತೆಗೆದುಕೊಂಡರೆ ಪುಸ್ತಕವೋ ಪೊರಕೆಯೋ ತಿಳಿಯದು. ದೊಡ್ಡ ಹಾಳೆ, ಸಣ್ಣ ಚೀಟಿ, ಎಲ್ಲ ಅದರದರ ಉದ್ದಕ್ಕೆ ಹೊರಗೆ ಚಾಚಿಕೊಂಡಿವೆ.

"ಅಂಚು ಮುಟ್ಟಿಲ್ಲಮ್ಮ" ಎಂದರು. "ಯಾವ ಮೂಲೇಲಿ ಯಾರು ಏನು ಬರೆದಿರ್ತಾರೋ."

ನಾನು ಹಾಳೆ ತಿರುವುತ್ತ ನಿಂತಿದ್ದೆ. ಪ್ರತಿ ಹಾಳೆಯ ಹಿಂಬದಿಯನ್ನೂ ನೋಡಿದೆ. ಅಜ್ಜಿ ಒಳಗಿನಿಂದ ಎರಡು ಲೋಟ ಹಿಡಿದು ಬಂದು, ಒಂದನ್ನು ನನ್ನ ಕೈಗೆ ಕೊಟ್ಟು, ಇನ್ನೊಂದನ್ನು ಮೇಜಿನ ತುದಿಯಲ್ಲಿಟ್ಟರು. ತಾತನ ಮೊಣಕೈಗೂ ಲೋಟಕ್ಕೂ ಒಂದು ಗೇಣು ಅಂತರ. ಅವರ ಬೆರಳ ತುಂಬ ಗೋಂದಿತ್ತು.

"ಟೀ ಆರ್ತಿದೆ ಅಂತ ಹೇಳಮ್ಮ ಅವರಿಗೆ."

ಹೇಳಿದೆ.